ಔಷಧವನ್ನು ಅಳೆಯುವ ಕೈ

ಪುಡಿ ಮಾಡಿದ ಸಕ್ಕರೆ, ಅಡಿಗೆ ಸೋಡಾ, ಸುಟ್ಟ ಜಿಪ್ಸಮ್, ಬಿಳಿ ಪಾಷಾಣ—ಈ ನಾಲ್ಕನ್ನೂ ನಾಲ್ಕು ಬಟ್ಟಲುಗಳಲ್ಲಿಟ್ಟು ಒಂದು ಮಾರು ದೂರದಿಂದ ನೋಡಿದರೆ, ಯಾವುದು ಯಾವುದೆಂದು ಹೇಳಬಲ್ಲ ಕಣ್ಣು ಇನ್ನೂ ಹುಟ್ಟಿಲ್ಲ. ಪುಡಿಯೊಂದು ಬೆಳ್ಳಗೆ ಕಾಣುವುದು ಅದರ ಕಣಗಳು ತಮ್ಮ ಮೇಲೆ ಬಿದ್ದ ಬೆಳಕಿನ ಎಲ್ಲ ಬಣ್ಣಗಳನ್ನೂ ಒಂದೇ ಸಮನಾಗಿ ಚದುರಿಸುವುದರಿಂದ. ಆ ಕಣಗಳೊಳಗೆ ಇರುವ ಪರಮಾಣುಗಳು ಯಾವುವೆಂಬ ಸುದ್ದಿಯನ್ನು ಹಾಗೆ ಚದುರಿದ ಬೆಳಕು ನಮ್ಮ ಕಣ್ಣಿಗೆ ತಂದು ಮುಟ್ಟಿಸುವುದಿಲ್ಲ. ಮೂಗು ನಾಲಗೆಗಳಾದರೂ ನೆರವಿಗೆ ಬಂದಾವೆಂದರೆ ಪಾಷಾಣಕ್ಕೆ ವಾಸನೆಯಿಲ್ಲ. ರುಚಿಯೂ ಇಲ್ಲವೆನ್ನುವಷ್ಟು ಕಡಿಮೆ.

ಸಂತೆಯಲ್ಲಿ ಬೇಳೆ ಕೊಳ್ಳುವವನು ಒಂದು ಹಿಡಿ ತೆಗೆದು ಊದಿ ನೋಡುತ್ತಾನೆ, ಒಂದೆರಡು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತಾನೆ. ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾನೆ, ಮಡಕೆಯನ್ನು ಬೆರಳಿನಿಂದ ತಟ್ಟುತ್ತಾನೆ. ಅದೇ ಮನುಷ್ಯನು ಔಷಧದ ಅಂಗಡಿಯಲ್ಲಿ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ತಂದು ನುಂಗುತ್ತಾನೆ. ಬೇರೆ ದಾರಿಯೇ ಅವನಿಗಿಲ್ಲ. ಬೇಳೆ ಮಾರುವವನನ್ನು ‘ನೀನು ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾಗಿರುವೆ?’ ಎಂದು ಸರ್ಕಾರವು ಕೇಳುವುದಿಲ್ಲ. ಔಷಧ ಕೊಡುವವನನ್ನು ಕೇಳುತ್ತದೆ. ಈ ಭೇದವೇಕೆ ಎಂಬುದಕ್ಕೆ ಉತ್ತರವನ್ನು ಜಗತ್ತು ಸುಲಭವಾಗಿ ಕಲಿಯಲಿಲ್ಲ.

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಬ್ರಾಡ್‌ಫರ್ಡ್ ಎಂಬ ಊರಿದೆ. ಉಣ್ಣೆಯ ಗಿರಣಿಗಳಿಗೆ ಹೆಸರಾದ ಊರು. ಅಲ್ಲಿಯ ಪೇಟೆಯಲ್ಲಿ ಒಬ್ಬನು ಪೆಪ್ಪರಮಿಂಟುಗಳನ್ನು ಮಾರುತ್ತಿದ್ದನು. ಆ ಕಾಲಕ್ಕೆ ಸಕ್ಕರೆ ತುಟ್ಟಿ. ಆದುದರಿಂದ ಮಿಠಾಯಿ ಮಾಡುವವರು ಸಕ್ಕರೆಯ ಜೊತೆಗೆ ಸುಟ್ಟ ಜಿಪ್ಸಮ್ಮಿನಂತಹ ಅಗ್ಗದ ಬಿಳಿಯ ಪುಡಿಯನ್ನು ಸೇರಿಸುವುದು ವಾಡಿಕೆಯಾಗಿತ್ತು. ಈ ಕಲಬೆರಕೆಗೆ ಅವರಲ್ಲಿ ಒಂದು ಹೆಸರೇ ಇತ್ತು—‘ಡ್ಯಾಫ್ಟ್’. 1858ನೆಯ ಇಸವಿಯ ಅಕ್ಟೋಬರಿನಲ್ಲಿ ಮಿಠಾಯಿಯವನೊಬ್ಬನು ಇದನ್ನು ತರಲು ಕೆಲವು ಮೈಲಿಗಳಾಚೆಯ ಔಷಧದ ಅಂಗಡಿಗೆ ಆಳನ್ನು ಕಳುಹಿಸಿದನು. ಅಂಗಡಿಯ ಯಜಮಾನನು ಕಾಯಿಲೆಯಿಂದ ಮಲಗಿದ್ದನು. ಇದ್ದವನು ಹೊಸದಾಗಿ ಸೇರಿದ್ದ ಸಹಾಯಕ. ಡ್ಯಾಫ್ಟ್ ಮೂಲೆಯಲ್ಲಿರುವ ಪೀಪಾಯಿಯಲ್ಲಿದೆಯೆಂದು ಯಜಮಾನನು ಹೇಳಿದನು. ಆದರೆ ಆ ಮೂಲೆಯಲ್ಲಿದ್ದುದು ಒಂದೇ ಪೀಪಾಯಿಯಲ್ಲ. ಸಹಾಯಕನು ತನ್ನ ಕಣ್ಣಿಗೆ ಸರಿಯೆನಿಸಿದ ಪೀಪಾಯಿಯಿಂದ ಹನ್ನೆರಡು ಪೌಂಡು ಬಿಳಿಯ ಪುಡಿಯನ್ನು ತೂಗಿ ಕೊಟ್ಟನು. ಅದು ಪಾಷಾಣ.

ಆ ಪುಡಿಯಿಂದ ಸುಮಾರು ನಲವತ್ತು ಪೌಂಡು ಪೆಪ್ಪರಮಿಂಟು ತಯಾರಾಯಿತು. ತಯಾರಿಸಿದವನಿಗೆ ಕೆಲಸ ಮಾಡುತ್ತಿರುವಾಗಲೇ ಹೊಟ್ಟೆ ತೊಳಸಿ ವಾಂತಿಯಾಯಿತು. ಮಾರುವವನಿಗೆ ಬಣ್ಣ ಏಕೋ ಎಂದಿನಂತಿಲ್ಲವೆನಿಸಿತು. ಆದರೆ ಅದರಿಂದ ಆತ ಮಾಡಿದ್ದು ಬೆಲೆಯಲ್ಲಿ ಚೌಕಾಸಿ ಮಾತ್ರ. ಶನಿವಾರ ಸಂಜೆ ವ್ಯಾಪಾರ ಜೋರಾಗಿ ನಡೆಯಿತು. ಭಾನುವಾರ ಊರಿನಲ್ಲಿ ಮಕ್ಕಳು ಸಾಯತೊಡಗಿದರು. ಮೊದಲಿಗೆ ಇದು ಕಾಲರಾ ಎಂದು ಜನ ಭಾವಿಸಿದರಂತೆ. ಸತ್ಯ ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು. ಸುಮಾರು ಇಪ್ಪತ್ತು ಮಂದಿ ಸತ್ತರು. ಇನ್ನೂರರಷ್ಟು ಜನ ಹಾಸಿಗೆ ಹಿಡಿದರು. ಒಂದೊಂದು ಪೆಪ್ಪರಮಿಂಟಿನಲ್ಲಿಯೂ ಮನುಷ್ಯನನ್ನು ಕೊಲ್ಲಲು ಸಾಕಾಗುವುದರ ಎರಡರಷ್ಟು ವಿಷವಿತ್ತೆಂದು ಅಂದಿನ ಪರೀಕ್ಷಕರು ಲೆಕ್ಕ ಹಾಕಿದರು.

ಯಜಮಾನ, ಸಹಾಯಕ, ಮಿಠಾಯಿಯವ ಮೂವರ ಮೇಲೂ ನರಹತ್ಯೆಯ ಆರೋಪ ಬಂದಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ಕೊಲ್ಲಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲವಷ್ಟೇ ಅಲ್ಲ, ವಿಷವನ್ನು ಯಾರು ತೂಗಿ ಕೊಡಬಹುದು, ಯಾರು ಕೊಡಬಾರದು ಎಂದು ಹೇಳುವ ಕಾಯಿದೆಯೇ ಆ ನಾಡಿನಲ್ಲಿರಲಿಲ್ಲ. ಪಾಷಾಣದ ಬಗ್ಗೆ 1851ರ ಕಾಯಿದೆಯೊಂದು ಇತ್ತು, ನಿಜ. ಮಾರಾಟವನ್ನು ಪುಸ್ತಕದಲ್ಲಿ ಬರೆದಿಡಬೇಕು, ಚಿಲ್ಲರೆಯಾಗಿ ಮಾರುವ ಪಾಷಾಣಕ್ಕೆ ಮಸಿಯನ್ನಾಗಲಿ ನೀಲಿಯನ್ನಾಗಲಿ ಬೆರೆಸಿ ಬಣ್ಣ ಕಟ್ಟಬೇಕು ಎಂದು ಅದು ವಿಧಿಸಿತ್ತು. ಭೌತವಿಜ್ಞಾನ ಬೋಧಿಸುವ ನನಗೆ ಈ ಉಪಾಯ ಮೆಚ್ಚುಗೆಯಾಗುತ್ತದೆ: ಕಣ್ಣಿಗೆ ಕಾಣದ ಭೇದವನ್ನು ಕಾಣುವಂತೆ ಮಾಡುವುದೇ ಅಲ್ಲವೇ ಉಪಕರಣದ ಕೆಲಸ? ಆದರೆ ಅಂಗಡಿಯಲ್ಲಿರುವ ಸಾವಿರ ಪದಾರ್ಥಗಳಿಗೆ ಸಾವಿರ ಬಣ್ಣ ಕಟ್ಟಲಾಗುವುದಿಲ್ಲ. ಮೇಲಾಗಿ, ಔಷಧವೂ ವಿಷವೂ ಅನೇಕ ವೇಳೆ ಒಂದೇ ಪದಾರ್ಥ. ಎರಡರ ನಡುವೆ ಇರುವುದು ಪ್ರಮಾಣದ ಅಂತರ. ಪ್ರಮಾಣಕ್ಕೆ ಯಾವ ಬಣ್ಣವನ್ನು ಕಟ್ಟುವುದು?

ಹತ್ತು ವರ್ಷಗಳ ನಂತರ, 1868ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಬೇರೊಂದು ದಾರಿ ಹಿಡಿಯಿತು. ಪುಡಿಗೆ ಗುರುತು ಹಾಕುವುದರ ಜೊತೆಗೆ ಪುಡಿಯನ್ನು ತೂಗುವ ಮನುಷ್ಯನಿಗೂ ಗುರುತು ಹಾಕಿತು. ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಹೆಸರುಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆಯಬೇಕು. ಗೊತ್ತುಪಡಿಸಿದ ವಿಷಗಳನ್ನು ಅವರು ಮಾತ್ರ ಮಾರಬೇಕು. ಪೊಟ್ಟಣದ ಮೇಲೆ ಪದಾರ್ಥದ ಹೆಸರು, ‘ವಿಷ’ ಎಂಬ ಮಾತು, ಮಾರಿದವನ ವಿಳಾಸ ಇರಬೇಕು. ಬ್ರಾಡ್‌ಫರ್ಡಿನ ದುರಂತವೊಂದೇ ಈ ಕಾಯಿದೆಗೆ ಕಾರಣವಲ್ಲ. ಆದರೆ ಅದರ ನೆನಪು ಇದರ ಹಿಂದೆ ಇತ್ತು.

ಇದರಲ್ಲಿರುವ ತರ್ಕವನ್ನು ಸ್ವಲ್ಪ ಯೋಚಿಸಿ ನೋಡಿರಿ. ಔಷಧದ ಒಂದು ಗುಳಿಗೆಯನ್ನು ನಿಜವಾಗಿ ಪರೀಕ್ಷಿಸಬೇಕಾದರೆ ಅದನ್ನು ಅರೆದು, ಕರಗಿಸಿ, ರಾಸಾಯನಿಕ ಕ್ರಿಯೆಗೆ ಒಳಪಡಿಸಬೇಕು. ಪರೀಕ್ಷೆ ಮುಗಿಯುವ ವೇಳೆಗೆ ಗುಳಿಗೆ ಇರುವುದಿಲ್ಲ! ಕೊಳ್ಳುವ ಪ್ರತಿಯೊಬ್ಬನೂ ಕೊಂಡ ಪ್ರತಿಯೊಂದನ್ನೂ ಪರೀಕ್ಷಿಸುವುದು ಅಸಾಧ್ಯವೆಂದ ಮೇಲೆ, ಕೊಡುವವನನ್ನು ಒಮ್ಮೆ ಪರೀಕ್ಷಿಸಿ, ಆಮೇಲೆ ಅವನು ಮಾಡಿದ್ದಕ್ಕೆ ಅವನನ್ನೇ ಹೊಣೆ ಮಾಡುವುದು ಉಳಿದ ಮಾರ್ಗ. ಪ್ರಯೋಗಶಾಲೆಯಲ್ಲಿ ನಾವು ತಕ್ಕಡಿಯನ್ನು ಪ್ರಮಾಣಿತ ತೂಕಗಳೊಡನೆ ಒಮ್ಮೆ ತಾಳೆ ನೋಡಿ, ಬಳಿಕ ಅದರ ಮಾತನ್ನು ನಂಬುತ್ತೇವಷ್ಟೆ.

ತಕ್ಕಡಿಯ ಮಾತು ಬಂದಿತಾದುದರಿಂದ ಇನ್ನೊಂದು ವಿಷಯ ಹೇಳಬೇಕು. ಹಿಂದಿನ ಔಷಧದ ಅಂಗಡಿಗಳಲ್ಲಿ ಔನ್ಸು ಎಂಬ ಹೆಸರಿನ ತೂಕಗಳು ಎರಡಿದ್ದವು. ಸಗಟು ವ್ಯಾಪಾರದ ಔನ್ಸಿಗೆ 437.5 ಗ್ರೇನು, ಔಷಧ ಕೂಡಿಸುವ ಔನ್ಸಿಗೆ 480 ಗ್ರೇನು. ಹೆಸರು ಒಂದೇ, ವ್ಯತ್ಯಾಸ ನೂರಕ್ಕೆ ಹತ್ತರಷ್ಟು! ನಮ್ಮ ದೇಶದಲ್ಲಿ ಇವುಗಳ ಜೊತೆಗೆ 180 ಗ್ರೇನಿನ ತೊಲವೂ ಬಳಕೆಯಲ್ಲಿತ್ತು. ಗ್ರೇನು ಎಂದರೆ ಸುಮಾರು 65 ಮಿಲಿಗ್ರಾಂ. ಯಾವ ಸಂದರ್ಭದಲ್ಲಿ ಯಾವ ಔನ್ಸು ಎಂಬುದನ್ನು ಬಲ್ಲವನೇ ಬಲ್ಲ. ಮೆಟ್ರಿಕ್ ಪದ್ಧತಿಯು ಈ ಗೊಂದಲವನ್ನು ತೊಡೆದುಹಾಕಿದುದು ರೋಗಿಗಳ ಪುಣ್ಯ.

ನಮ್ಮ ಊರುಗಳಲ್ಲಿ ಔಷಧ ಕೂಡಿಸುತ್ತಿದ್ದವರನ್ನು ಕಂಪೌಂಡರ್ ಎನ್ನುತ್ತಿದ್ದರು. ಡಾಕ್ಟರ ಕೋಣೆಯ ಪಕ್ಕದ ಕಿಟಕಿಯಲ್ಲಿ ಚೀಟಿ ತೆಗೆದುಕೊಂಡು, ಸೀಸೆಗಳಿಂದ ಅಷ್ಟಷ್ಟು ಅಳೆದು, ಕೂಡಿಸಿ, ಕುಲುಕಿ ಕೊಡುತ್ತಿದ್ದರು. ಬಾಟಲಿಯ ಪಕ್ಕಕ್ಕೆ ಒಂದು ಕಾಗದದ ಪಟ್ಟಿ ಅಂಟಿರುತ್ತಿತ್ತು. ಅದರ ಅಂಚನ್ನು ಗರಗಸದ ಹಲ್ಲುಗಳಂತೆ ಕತ್ತರಿಸಿರುತ್ತಿದ್ದರು. ಒಂದು ಹಲ್ಲಿನಿಂದ ಮತ್ತೊಂದಕ್ಕೆ ಒಂದು ವೇಳೆಯ ಔಷಧ. ಮನೆಯ ಹಿರಿಯರನ್ನು ಕೇಳಿದರೆ ನೆನಪು ಮಾಡಿಕೊಂಡಾರು. ಈ ಕಾಗದದ ಪಟ್ಟಿಯೂ ಒಂದು ಅಳತೆಯ ಉಪಕರಣವೇ ಸರಿ. ಹಲ್ಲುಗಳು ಸಮಾನ ಅಂತರದಲ್ಲಿದ್ದು ಪ್ರಮಾಣವೂ ಸಮಾನವಾಗಿರಬೇಕಾದರೆ ಬಾಟಲಿಯ ಅಡ್ಡಕೊಯ್ತ ಮೇಲಿನಿಂದ ಕೆಳಗಿನವರೆಗೆ ಒಂದೇ ಆಗಿರಬೇಕು. ಆ ಬಾಟಲಿಗಳು ನೆಟ್ಟನೆಯ ಪಕ್ಕಗಳವಾಗಿದ್ದುದಕ್ಕೂ, ಪಟ್ಟಿಯು ಬಾಟಲಿಯ ಹೆಗಲಿನ ಕೆಳಗಿನಿಂದ ಶುರುವಾಗುತ್ತಿದ್ದುದಕ್ಕೂ ಇದೇ ಕಾರಣ.

‘ಚೆನ್ನಾಗಿ ಅಲುಗಾಡಿಸಿ ಕುಡಿಯಿರಿ’ ಎಂಬ ಮಾತು ಕೂಡ ಬರಿಯ ಉಪಚಾರದ್ದಲ್ಲ. ನೀರಿನಲ್ಲಿ ಕರಗದ ಪುಡಿ ನಿಧಾನವಾಗಿ ತಳಕ್ಕಿಳಿಯುತ್ತದೆ. ಅಲುಗಾಡಿಸದೆ ಕುಡಿದರೆ ಮೊದಲ ದಿನಗಳಲ್ಲಿ ರೋಗಿಗೆ ಸಿಗುವುದು ನೀರು. ಕೊನೆಯ ದಿನ ಸಿಗುವುದು ಔಷಧವೆಲ್ಲ. ಇದಕ್ಕಿಂತ ಗೂಢವಾದ ಒಂದು ಉದಾಹರಣೆ ಔಷಧಶಾಸ್ತ್ರದ ಹಳೆಯ ಪಾಠಗಳಲ್ಲಿದೆ. ಕಾಸರಕದ ಬೀಜದಿಂದ ಬರುವ ಸ್ಟ್ರಿಕ್ನೀನನ್ನು ಹಿಂದೆ ಅತ್ಯಲ್ಪ ಪ್ರಮಾಣದಲ್ಲಿ ಶಕ್ತಿವರ್ಧಕವೆಂದು ಕೊಡುತ್ತಿದ್ದರು. ನಿದ್ರೆ ಬರಲು ಪೊಟ್ಯಾಸಿಯಮ್ ಬ್ರೋಮೈಡನ್ನು ಕೊಡುತ್ತಿದ್ದರು. ಬೇರೆ ಬೇರೆಯಾಗಿ ಎರಡೂ ನೀರಿನಲ್ಲಿ ಕರಗಿ ತಿಳಿಯಾಗಿರುತ್ತವೆ. ಒಂದೇ ಬಾಟಲಿಯಲ್ಲಿ ಸೇರಿಸಿದರೆ, ಅಷ್ಟಾಗಿ ಕರಗದ ಸ್ಟ್ರಿಕ್ನೀನ್ ಬ್ರೋಮೈಡು ಹುಟ್ಟಿ, ನಿಧಾನವಾಗಿ ಹರಳುಗಟ್ಟಿ ತಳದಲ್ಲಿ ಕೂಡುತ್ತದೆ. ಇಡೀ ಬಾಟಲಿಯ ವಿಷವು ಕೊನೆಯ ಗುಟುಕಿನಲ್ಲಿ! ಡಾಕ್ಟರು ಬರೆದ ಎರಡು ಔಷಧಗಳೂ ಸರಿ, ಅವುಗಳ ಪ್ರಮಾಣಗಳೂ ಸರಿ. ಆದರೂ ರೋಗಿ ಸಾಯಬಹುದು. ಕೂಡಿಸುವವನಿಗೆ ಬರಿಯ ಕೈಚಳಕವಿದ್ದರೆ ಸಾಲದು, ಡಾಕ್ಟರ ಚೀಟಿಯನ್ನೂ ಹಿಡಿದು ನಿಲ್ಲಿಸಿ ‘ಇದು ಆಗದು’ ಎನ್ನುವಷ್ಟು ರಸಾಯನವಿಜ್ಞಾನ ಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಭಾರತದಲ್ಲಿ ಈ ತಿಳಿವಳಿಕೆಯು ಕಾಯಿದೆಯ ರೂಪ ತಾಳಲು ಬಹಳ ಕಾಲ ಹಿಡಿಯಿತು. ಮಲೇರಿಯಾದಿಂದ ನರಳುತ್ತಿದ್ದ ದೇಶದಲ್ಲಿ ಸತ್ವವಿಲ್ಲದ ಕ್ವಿನೀನು ಮಾರಾಟವಾಗುತ್ತಿದೆಯೆಂಬ ದೂರುಗಳು ಹೆಚ್ಚಿದಾಗ, 1930ರಲ್ಲಿ ಸರ್ಕಾರವು ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ಔಷಧಗಳ ಗುಣವನ್ನು ಪರೀಕ್ಷಿಸಲು ಒಂದು ವ್ಯವಸ್ಥೆ ಬೇಕು. ಔಷಧ ಕೊಡುವವರ ಶಿಕ್ಷಣಕ್ಕೂ ನೋಂದಣಿಗೂ ಮತ್ತೊಂದು ಬೇಕು ಎಂದು ಸಮಿತಿಯು 1931ರಲ್ಲಿ ವರದಿ ಮಾಡಿತು. ಮರುವರ್ಷವೇ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಮಹಾದೇವಲಾಲ್ ಶ್ರಾಫ್ ಅವರು ಔಷಧ ರಸಾಯನದ ಬೋಧನೆಯನ್ನು ಆರಂಭಿಸಿದರು. ಕಾಯಿದೆಗಳು ಅಷ್ಟು ಬೇಗ ಬರಲಿಲ್ಲ. ಪದಾರ್ಥವನ್ನು ಕುರಿತ ಕಾಯಿದೆ 1940ರಲ್ಲಿ ಬಂದಿತು; ಮನುಷ್ಯನನ್ನು ಕುರಿತ ಫಾರ್ಮಸಿ ಕಾಯಿದೆ 1948ರಲ್ಲಿ, ಅಂದರೆ ವರದಿಯ ಹದಿನೇಳು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಸ್ವಾತಂತ್ರ್ಯವೇ ಬಂದಿತ್ತು.

1948ರ ಕಾಯಿದೆಯನ್ನು ರಚಿಸಿದವರ ಮುಂದೆ ಒಂದು ಕಠಿಣವಾದ ಪ್ರಶ್ನೆಯಿತ್ತು. ಪದವಿ ಪಡೆದವರು ಬೆರಳೆಣಿಕೆಯಷ್ಟು. ಊರೂರಲ್ಲಿ ಔಷಧ ಕೂಡಿಸುತ್ತಿದ್ದವರು ಕಂಪೌಂಡರುಗಳು. ಅವರನ್ನು ಒಮ್ಮೆಗೇ ಹೊರಗಟ್ಟಿದರೆ ರೋಗಿಗಳಿಗೆ ಔಷಧವೇ ಸಿಗುವುದಿಲ್ಲ. ಆದುದರಿಂದ ಮೊದಲ ರಿಜಿಸ್ಟರಿನಲ್ಲಿ ಐದು ವರ್ಷಗಳಿಗೆ ಕಡಿಮೆಯಿಲ್ಲದಂತೆ ಔಷಧ ಕೂಡಿಸಿ ಅನುಭವ ಪಡೆದವರಿಗೂ ಸ್ಥಳ ಕೊಟ್ಟರು. ಮುಂದೆ ಬರುವವರಿಗೆ ಮಾತ್ರ ಶಿಕ್ಷಣ, ಪರೀಕ್ಷೆಗಳನ್ನು ಕಡ್ಡಾಯ ಮಾಡಿದರು. ಇದು ವಿವೇಕದ ನಡೆಯೆಂದೇ ನನ್ನ ಅಭಿಪ್ರಾಯ. ಆದರೆ ಕಾಯಿದೆಯ ಪ್ರಾಣವೆನ್ನಬಹುದಾದ 42ನೆಯ ಪ್ರಕರಣದ ವಿಷಯದಲ್ಲಿ ತೋರಿದ ಸಾವಕಾಶವನ್ನು ಹಾಗೆ ಹೊಗಳಲಾರೆ. ನೋಂದಾಯಿತನಾದ ಫಾರ್ಮಾಸಿಸ್ಟನ ಹೊರತು ಬೇರಾರೂ ವೈದ್ಯರ ಚೀಟಿಗೆ ಔಷಧವನ್ನು ಕೂಡಿಸಿ ಕೊಡಬಾರದೆಂದು ಅದು ಹೇಳುತ್ತದೆ. ವೈದ್ಯರು ತಮ್ಮ ಸ್ವಂತ ರೋಗಿಗಳಿಗೆ ಕೊಡುವುದಕ್ಕೆ ಅಡ್ಡಿಯಿಲ್ಲ. ಇದನ್ನು ಜಾರಿಗೊಳಿಸುವ ದಿನವನ್ನು ಗೊತ್ತುಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟುದರಿಂದ ದಿನಗಳು ಮುಂದೆ ಮುಂದೆ ಹೋದವು. ದೇಶದಾದ್ಯಂತ ಅದು ಅನ್ವಯಿಸಿದುದು 1984ರಲ್ಲಿ. ಅಲ್ಲಿಗೆ ಕಾಯಿದೆಯ ವಯಸ್ಸು ಮೂವತ್ತಾರು!

ಪ್ರಕೃತ ಸ್ಥಿತಿ ಹೀಗಿದೆ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವನು ಎರಡು ವರ್ಷಗಳ ಡಿಪ್ಲೊಮಾ ಮುಗಿಸಿ, ಐನೂರು ಗಂಟೆಗಳ ಪ್ರಾಯೋಗಿಕ ತರಬೇತಿ ಪಡೆಯಬೇಕು. ಅದರಲ್ಲಿ ಅರ್ಧ ಕಾಲವನ್ನು ನಿಜವಾದ ಚೀಟಿಗಳಿಗೆ ಔಷಧ ಕೊಡುವುದರಲ್ಲಿಯೇ ಕಳೆಯಬೇಕು. ನಾಲ್ಕು ವರ್ಷಗಳ ಪದವಿಯ ದಾರಿಯೂ ಉಂಟು. ಆಮೇಲೆ ರಾಜ್ಯದ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ಬರೆಸಬೇಕು. ನಮ್ಮಲ್ಲಿ ಇದು ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು. ಅಂಗಡಿಗೆ ಪ್ರತ್ಯೇಕವಾದ ಪರವಾನಗಿ ಬೇಕು. ಚಿಲ್ಲರೆ ಅಂಗಡಿ ಹತ್ತು ಚದರ ಮೀಟರಿಗೆ ಕಡಿಮೆಯಿರಬಾರದು. ಅದರಲ್ಲಿ ಶೀತಕಪೆಟ್ಟಿಗೆ ಇರಬೇಕು. ಇನ್ಸುಲಿನ್ನಿನಂತಹ ಔಷಧಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಕಾಪಾಡಬೇಕಷ್ಟೆ. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಕೆಟ್ಟುದು ಎಷ್ಟೋ ಸಲ ಕಣ್ಣಿಗೆ ಕಾಣುವುದೂ ಇಲ್ಲ. ಔಷಧಗಳಲ್ಲಿಯೂ ತರತಮವುಂಟು. ‘ಎಚ್’ ಪಟ್ಟಿಯವನ್ನು ಚೀಟಿಯಿಲ್ಲದೆ ಕೊಡುವಂತಿಲ್ಲ. 2014ರ ಮಾರ್ಚಿನಿಂದ ಜಾರಿಗೆ ಬಂದ ‘ಎಚ್-1’ ಪಟ್ಟಿಯಲ್ಲಿ ಕೆಲವು ಪ್ರತಿಜೈವಿಕಗಳು, ಕ್ಷಯದ ಔಷಧಗಳು, ಚಟ ಹಿಡಿಸುವ ಕೆಲವು ಔಷಧಗಳು ಸೇರಿವೆ. ಇವನ್ನು ಕೊಟ್ಟಾಗ ರೋಗಿಯ ಹೆಸರನ್ನೂ, ಚೀಟಿ ಬರೆದ ವೈದ್ಯರ ಹೆಸರನ್ನೂ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು.

‘ಇಂದು ಔಷಧವನ್ನು ಕೂಡಿಸುವವರಾರು? ಕಾರ್ಖಾನೆಯಿಂದ ಮುದ್ರೆಯೊತ್ತಿ ಬಂದುದನ್ನು ಪಟ್ಟಿಯಿಂದ ಕತ್ತರಿಸಿ ಕೊಡುವುದಕ್ಕೆ ಇಷ್ಟೆಲ್ಲ ವಿದ್ಯೆಯೇಕೆ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲನ್ನೇ ತೆಗೆದುಕೊಳ್ಳಿರಿ. ಹಸುಳೆಗಳಿಗೆಂದು ಬರುವ ಹನಿಯೌಷಧದಲ್ಲಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ದೊಡ್ಡ ಬಾಟಲಿಯ ಸಿರಪ್ಪಿನ ಒಂದು ಬಗೆಯಲ್ಲಿ ಐದು ಮಿಲಿಲೀಟರಿಗೆ 125 ಮಿಲಿಗ್ರಾಂ, ಅಂದರೆ ಮಿಲಿಲೀಟರಿಗೆ 25. ಹಸುಳೆಯ ಔಷಧವಾದುದರಿಂದ ಹನಿಯೇ ಸೌಮ್ಯವಾದುದೆಂದು ತಾಯಿ ಊಹಿಸುವುದು ಸಹಜ. ನಿಜವು ಇದಕ್ಕೆ ತದ್ವಿರುದ್ಧ. ಹನಿಯು ನಾಲ್ಕು ಪಾಲು ಗಾಢ. ಸಿರಪ್ಪಿನ ಲೆಕ್ಕದಲ್ಲಿ ಒಂದು ಚಮಚ ಹನಿಯೌಷಧವನ್ನು ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು 500 ಮಿಲಿಗ್ರಾಂ. ಬಾಟಲಿಯನ್ನು ಕೈಗೆ ಕೊಡುವಾಗ ‘ಅಮ್ಮಾ, ಇದನ್ನು ಚಮಚದಲ್ಲಿ ಹಾಕಬೇಡಿ, ಇದರೊಡನೆ ಇರುವ ನಳಿಗೆಯಲ್ಲಿ ಈ ಗೆರೆಯವರೆಗೆ ಮಾತ್ರ’ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು?

ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆ ಇನ್ನೊಂದು ನಿದರ್ಶನ. ಅದನ್ನು ವಾರಕ್ಕೆ ಒಂದು ದಿನ ತೆಗೆದುಕೊಳ್ಳಬೇಕು. ಗುಳಿಗೆಯೆಂದರೆ ದಿನಾ ನುಂಗುವುದೆಂದು ತಿಳಿದವನು ಹಾಗೆಯೇ ಮಾಡಿದರೆ, ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುವುದು ಕುಂದಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಇಂತಹ ತಪ್ಪುಗಳು ನಾನಾ ದೇಶಗಳಲ್ಲಿ ನಡೆದಿವೆ. ಕಾರ್ಖಾನೆಯ ಮುದ್ರೆಯು ಇದನ್ನು ತಡೆಯಲಾರದು. ಚೀಟಿಯನ್ನು ಓದಿ, ರೋಗಿಯ ಮುಖ ನೋಡಿ, ಎರಡು ಮಾತನಾಡುವ ಮನುಷ್ಯನು ತಡೆಯಬಲ್ಲನು.

ಫಾರ್ಮಾಸಿಸ್ಟನ ಶಕ್ತಿಗೂ ಒಂದು ಮಿತಿಯಿದೆಯೆಂಬುದನ್ನು ಮರೆಮಾಚಬಾರದು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ಪು ಕುಡಿದ ಅನೇಕ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಪರೀಕ್ಷೆಯಲ್ಲಿ ಅದರೊಳಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವು ನೂರಕ್ಕೆ 48.6ರಷ್ಟು ಕಂಡುಬಂದಿತು, ನಿಯಮವು ಸಹಿಸುವುದು 0.1ನ್ನು ಮಾತ್ರ. ಸಿಹಿಯಾದ, ಬಣ್ಣವಿಲ್ಲದ ಈ ದ್ರವವನ್ನು ಮುಚ್ಚಿದ ಬಾಟಲಿಯಲ್ಲಿ ಯಾವ ಫಾರ್ಮಾಸಿಸ್ಟನ ಕಣ್ಣೂ ಹಿಡಿಯಲಾರದು. ಅದು ಕಾರ್ಖಾನೆಯವರೂ ಸರ್ಕಾರದ ಪರೀಕ್ಷಕರೂ ಹೊರಬೇಕಾದ ಹೊಣೆ. ಆದರೆ ವಿಷ ಹೊರಬಿದ್ದ ಮೇಲೆ ಅದನ್ನು ಹಿಂದಕ್ಕೆ ಪಡೆಯುವುದರಲ್ಲಿ ಅಂಗಡಿಯ ಲೆಕ್ಕದ ಪುಸ್ತಕಕ್ಕೆ ದೊಡ್ಡ ಪಾತ್ರವಿದೆ. 1937ರಲ್ಲಿ ಅಮೆರಿಕದಲ್ಲಿ ಇದೇ ವಿಷದಲ್ಲಿ ಸಲ್ಫಾ ಔಷಧವನ್ನು ಕರಗಿಸಿ ಮಾರಿದಾಗ ನೂರಕ್ಕೂ ಹೆಚ್ಚು ಜನ ಸತ್ತರು. ತಯಾರಾಗಿದ್ದುದು 240 ಗ್ಯಾಲನ್ನು. ಸರ್ಕಾರದ ಅಧಿಕಾರಿಗಳು ಅಂಗಡಿ ಅಂಗಡಿಗೆ ಹೋಗಿ, ಮಾರಾಟದ ಚೀಟಿಗಳನ್ನು ಜಾಲಾಡಿ, ಕೊಂಡವರ ಮನೆಯನ್ನು ಹುಡುಕಿ, 234 ಗ್ಯಾಲನ್ನಿಗೂ ಮಿಗಿಲಾಗಿ ಹಿಂದಕ್ಕೆ ತಂದರು. ಅಷ್ಟು ಸಾವುಗಳಿಗೂ ಕಾರಣವಾದುದು ಉಳಿದ ಆರು ಗ್ಯಾಲನ್ನಿಗಿಂತ ಕಡಿಮೆ. ಬಿಲ್ಲಿನ ಮೇಲೆ ಔಷಧದ ತಯಾರಿಕಾ ತಂಡದ ಸಂಖ್ಯೆಯನ್ನು ಬರೆಯಬೇಕೆಂಬ ನಿಯಮದ ಬೆಲೆ ಇಂತಹ ದಿನಗಳಲ್ಲಿ ಗೊತ್ತಾಗುತ್ತದೆ.

ಕಾಯಿದೆಯು ಪುಸ್ತಕದಲ್ಲಿ ಇಷ್ಟು ಚೆನ್ನಾಗಿದ್ದರೂ ಅಂಗಡಿಯಲ್ಲಿ ಕಾಣುವುದೇ ಬೇರೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ನೋಂದಣಿಪತ್ರವು ಕಟ್ಟುಹಾಕಿಸಿಕೊಂಡು ಗೋಡೆಯ ಮೇಲೆ ತೂಗುತ್ತಿರುತ್ತದೆ. ಅದರಲ್ಲಿ ಹೆಸರಿರುವ ವ್ಯಕ್ತಿ ಮಾತ್ರ ಅಂಗಡಿಯಲ್ಲಿರುವುದಿಲ್ಲ. ತಿಂಗಳಿಗಿಷ್ಟು ಎಂದು ಪಡೆದು ಪತ್ರವನ್ನು ಬಾಡಿಗೆಗೆ ಕೊಡುವವರಿದ್ದಾರೆ, ಪಡೆಯುವವರೂ ಇದ್ದಾರೆ. ಔಷಧ ಕೊಡುವವನು ಹತ್ತನೆಯ ತರಗತಿಯನ್ನೂ ಮುಗಿಸದ ಹುಡುಗನಿರಬಹುದು. ಅವನು ಚುರುಕಾದವನೇ, ಯಾವ ಡಬ್ಬಿ ಯಾವ ಗೂಡಿನಲ್ಲಿದೆಯೆಂಬುದನ್ನು ಬಲ್ಲ. ಬ್ರಾಡ್‌ಫರ್ಡ್ ಬಳಿಯ ಆ ಸಹಾಯಕನೂ ಡ್ಯಾಫ್ಟ್ ಯಾವ ಮೂಲೆಯಲ್ಲಿದೆಯೆಂಬುದನ್ನು ಬಲ್ಲವನಾಗಿದ್ದನು. ನಿಜವಾದ ಫಾರ್ಮಾಸಿಸ್ಟನು ಎದುರಿಗೆ ನಿಂತು, ತನ್ನ ಮೇಲ್ವಿಚಾರಣೆಯಲ್ಲಿಯೇ ಔಷಧ ಕೊಡಿಸಬೇಕೆಂದು ನಿಯಮವಿರುವುದು ಈ ಕಾರಣಕ್ಕೆ. ಪತ್ರವು ಗೋಡೆಯಲ್ಲಿದ್ದು ಮನುಷ್ಯನಿಲ್ಲದ ಅಂಗಡಿಯು ಮುಳ್ಳು ಕಳಚಿದ ತಕ್ಕಡಿಯಂತೆ. ತಟ್ಟೆಗಳು ತೂಗಾಡುತ್ತಲೇ ಇರುತ್ತವೆ.

2015ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ಹೊರಡಿಸಿದ ವೃತ್ತಿ ನಿಯಮಗಳಲ್ಲಿ, ಔಷಧವನ್ನು ಕೊಡುವಾಗ ಅದನ್ನು ಸೇವಿಸುವ ಬಗೆಯನ್ನು ರೋಗಿಗೆ ತಿಳಿಸಿ ಹೇಳುವುದು ಫಾರ್ಮಾಸಿಸ್ಟನ ಕರ್ತವ್ಯವೆಂದು ಬರೆದಿದೆ. ಕೆಲಸದಲ್ಲಿರುವಾಗ ಬಿಳಿಯ ಅಂಗಿ ತೊಟ್ಟು, ಹೆಸರೂ ನೋಂದಣಿ ಸಂಖ್ಯೆಯೂ ಇರುವ ಬಿಲ್ಲೆಯನ್ನು ಧರಿಸಬೇಕೆಂದೂ ಇದೆ. ಮುಂದಿನ ಸಲ ಮನೆಗೆ ಔಷಧ ತರಲು ಹೋದಾಗ ಗೋಡೆಯ ಮೇಲಿನ ಪತ್ರದಲ್ಲಿರುವ ಹೆಸರನ್ನು ಓದಿಕೊಂಡು, ‘ಇವರು ಇದ್ದಾರೆಯೇ? ಈ ಗುಳಿಗೆಯನ್ನು ಊಟಕ್ಕೆ ಮೊದಲೋ ಆಮೇಲೋ ಎಂದು ಅವರನ್ನು ಕೇಳಬೇಕಾಗಿತ್ತು’ ಎಂದು ವಿಚಾರಿಸಿ ನೋಡಬಹುದು.